ಒಂದು ಪೈಪು, ಎರಡು ಮನೆ

ಧಾರವಾಡದ ನಮ್ಮ ಓಣಿಯಲ್ಲಿ ಸೋಮವಾರ, ಮಂಗಳವಾರ ಎಂಬುದೆಲ್ಲ ಕ್ಯಾಲೆಂಡರಿಗೆ ಮಾತ್ರ. ನಾವು ಲೆಕ್ಕ ಹಿಡಿಯುವುದೇ ಬೇರೆ: ನೀರು ಬಂದ ದಿನ, ನೀರು ಬಂದ ಮರುದಿನ, ನೀರು ಬರುವ ಹಿಂದಿನ ದಿನ. ವಾರಕ್ಕೊಮ್ಮೆ ಬರುತ್ತದೆ ಅಂತ ಹೆಸರು, ಒಮ್ಮೊಮ್ಮೆ ಎಂಟು ದಿನ, ಒಮ್ಮೊಮ್ಮೆ ಒಂಬತ್ತು. ಊರಿಗೆ ಹೋಗುವುದು, ಹಾಸಿಗೆ ಒಗೆಯುವುದು, ಬೀಗರನ್ನು ಕರೆಯುವುದು ಎಲ್ಲವೂ ನೀರು ನೋಡಿಕೊಂಡೇ ನಿಕ್ಕಿಯಾಗುತ್ತವೆ. ಹೊರಗಿನವರು ಇದನ್ನು ಕೇಳಿ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಗೀಪ ಏನಿಲ್ಲ. ನಮಗೆ ರೂಢಿಯಾಗಿದೆ, ಜಗಳಾಡಲು ಒಂದು ವಿಷಯವೂ ಸಿಕ್ಕಿದೆ.

ನಮ್ಮ ಮನೆಗೂ ಬಾಜೂ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಬೀದಿಯ ದೊಡ್ಡ ಪೈಪಿನಿಂದ ಎರಡೂ ಮನೆಗೆ ಸೇರಿ ಒಂದೇ ಸಣ್ಣ ಪೈಪು. ಗೇಟಿನ ಹೊರಗೆ ಒಂದು ಗುಂಡಿ, ಅದರಲ್ಲಿ ಒಂದು ಹಿತ್ತಾಳೆಯ ವಾಲ್ವು. ಎಡಕ್ಕೆ ತಿರುವಿದರೆ ನಮ್ಮ ಟಾಕಿಗೆ ನೀರು, ಬಲಕ್ಕೆ ತಿರುವಿದರೆ ಅವರ ಟಾಕಿಗೆ. ಬರುವುದು ಒಂದು ತಾಸು. ಅರ್ಧ ತಾಸು ಅವರಿಗೆ, ಅರ್ಧ ತಾಸು ನಮಗೆ. ಈ ಸಲ ಮೊದಲ ಪಾಳಿ ಅವರದಾದರೆ ಮುಂದಿನ ಸಲ ನಮ್ಮದು. ಕಟ್ಟಿಸುವಾಗ ಪೈಪಿನ ಖರ್ಚು ಉಳಿಯಿತೆಂದು ಎರಡೂ ಮನೆಯ ಯಜಮಾನರು ಹಿಗ್ಗಿದ್ದರಂತೆ. ಆಮೇಲೆ ಅವರಿಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು, ಪೈಪು ಉಳಿಯಿತು.

ನಮ್ಮ ಅವ್ವ ಮತ್ತು ಬಾಜೂ ಮನೆಯ ಕಾಕು ಹದಿನೈದು ವರ್ಷ ಅಕ್ಕ-ತಂಗಿಯರ ಹಾಗೆ ಇದ್ದರು. ಕಾಕು ಅಮ್ಮಿನಬಾವಿಯವರು, ಜೋಳದ ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ. ಅವ್ವನದು ಬದನೆಕಾಯಿ ಪಲ್ಯ. ಗೋಡೆಯ ಮೇಲೆ ಆಚೆಯಿಂದ ರೊಟ್ಟಿ, ಈಚೆಯಿಂದ ಪಲ್ಯ. ನಾನು ಎರಡು ಮನೆಯ ಅಡಿಗೆ ತಿಂದು ದೊಡ್ಡವಳಾದೆ.

ಈ ಸ್ನೇಹವನ್ನು ಮುರಿದವಳು ನಾನೇ.

ಅವತ್ತು ಭಾನುವಾರ, ನೀರು ಬಂದ ದಿನ, ಮೊದಲ ಪಾಳಿ ಕಾಕುವಿನದು. ಮರುದಿನ ಅವರ ಮಗಳ ಕುಬಸ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಅವರ ಮನೆ ತುಂಬ ನೆಂಟರು. ನಾನು ಸೊಂಟದವರೆಗಿನ ಕೂದಲಿಗೆ ಬೆಳಿಗ್ಗೆಯೇ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ನಮ್ಮ ಟಾಕಿಯ ತಳ ಕಾಣುತ್ತಿತ್ತು. ಎಣ್ಣೆ ಹಣೆಗೆ ಇಳಿಯತೊಡಗಿತು. ಯಾರೂ ನೋಡುತ್ತಿಲ್ಲವೆಂದು ಹೊರಗೆ ಹೋಗಿ, ಅವರ ಹೊತ್ತು ಮುಗಿಯಲು ಇನ್ನೂ ಹತ್ತು ನಿಮಿಷ ಇರುವಾಗಲೇ ವಾಲ್ವನ್ನು ಎಡಕ್ಕೆ ತಿರುವಿದೆ. ನನ್ನ ಹಣೆಬರಹಕ್ಕೆ ಅವತ್ತು ನೀರೂ ಲಗೂ, ಹೊತ್ತಿಗೆ ಮೊದಲೇ, ನಿಂತುಹೋಯಿತು. ಕಾಕುವಿನ ಟಾಕಿ ಅರ್ಧಕ್ಕೂ ತುಂಬಲಿಲ್ಲ.

ಕಾಕು ಗೋಡೆಯ ಹತ್ತಿರ ಬಂದು ಕೇಳಿದರು, "ಏ ತಂಗಿ, ವಾಲ್ವು ಯಾರ ತಿರುವಿದ್ರು?"

ಅವ್ವ ಹಿಂತಿರುಗಿ ನೋಡಿದಳು. ಬಚ್ಚಲ ಬಾಗಿಲಲ್ಲಿ ನಾನು ನೀರು ಸುರಿಯುವ ಕೂದಲು ಹಿಡಿದುಕೊಂಡು ನಿಂತಿದ್ದೆ. ಅವ್ವನಿಗೆ ಎಲ್ಲ ಗೊತ್ತಾಯಿತು. ಕಾಕುವಿನ ಕಡೆಗೆ ತಿರುಗಿ, "ನಾವು ಮುಟ್ಟೇ ಇಲ್ಲ ಅಕ್ಕಾರ" ಎಂದಳು.

"ಮುಟ್ಟೇ ಇಲ್ಲೇನು?"

"ಮುಟ್ಟೇ ಇಲ್ರಿ."

ಅದೇ ಕೊನೆಯ ಮಾತು. ಕಾಕು ಒಳಗೆ ಹೋದರು. ಮರುದಿನ ಕುಬಸಕ್ಕೆ ಅವ್ವ ಹೋಗಲಿಲ್ಲ, ಅವರೂ ಕರೆಯಲು ಬರಲಿಲ್ಲ. ಉಡುಗೊರೆಗೆಂದು ತಂದಿದ್ದ ಹಸಿರು ಸೀರೆ ಟ್ರಂಕಿನಲ್ಲೇ ಉಳಿಯಿತು. ನಾನು ಸುಮ್ಮನಿದ್ದೆ. ಇಡೀ ಬರಹದಲ್ಲಿ ನನಗೆ ನಾಚಿಕೆ ತರುವ ವಾಕ್ಯ ಇದೊಂದೇ. ನಾಳೆ ಹೇಳಿದರಾಯಿತು ಅಂದುಕೊಂಡೆ. ಒಂದು ವಾರ ಕಳೆದ ಮೇಲೆ ಹೇಳುವುದು ಮೊದಲ ದಿನಕ್ಕಿಂತ ಕಷ್ಟವಾಗಿತ್ತು, ವರ್ಷ ಕಳೆದ ಮೇಲೆ ಕೇಳಬೇಡಿ.

ಮಾತು ಬಿಟ್ಟರು ಎಂದ ಮಾತ್ರಕ್ಕೆ ಮಾತು ನಿಂತಿತೆಂದಲ್ಲ. ಕಾಕು ತುಳಸಿಗೆ ನೀರು ಹಾಕುತ್ತ ತುಳಸಿಗೆ ಹೇಳುವರು, "ಸುಳ್ಳ ಹೇಳೋ ಮಂದಿ ಬಾಜೂಕ ಇದ್ರ ನೀನರ ಹೆಂಗ ಚಿಗಿತೀಯವ್ವಾ." ಅವ್ವ ಈಚೆಯಿಂದ ಪಾತ್ರೆಗೆ ಹೇಳುವಳು, "ಹತ್ತು ನಿಮಿಷದ ನೀರಿಗೆ ಜೀವಾ ಬಿಡೋ ಮಂದಿ ನೋಡು!" ತುಳಸಿಯೂ ಪಾತ್ರೆಯೂ ಮೂರು ವರ್ಷ ಇದನ್ನೆಲ್ಲ ಕೇಳಿಸಿಕೊಂಡವು.

ಆ ಕುಬಸಕ್ಕೆಂದೇ ಬಂದು, ತಿರುಗಿ ಹೋಗದೆ ಉಳಿದವನು ಕಾಕುವಿನ ಮಗ. ಸಣ್ಣವನಿದ್ದಾಗಿನಿಂದ ಬ್ಯಾಡಗಿಯ ಸೋದರಮಾವನ ಹತ್ತಿರ ಓದಿ ಅಲ್ಲಿಯೇ ಕೆಲಸಕ್ಕಿದ್ದ. ಈಗ ಅಮರಗೋಳದ ಮಾರುಕಟ್ಟೆಯಲ್ಲಿ ಒಂದು ಮೆಣಸಿನಕಾಯಿ ಅಂಗಡಿ ಸೇರಿಕೊಂಡಿದ್ದ. ದಿನವಿಡೀ ಮೆಣಸಿನಕಾಯಿ ಮುರಿದು, ಮೂಸಿ, ಇದು ಯಾವ ದರ್ಜೆಯದೆಂದು ಹೇಳುವುದು ಅವನ ಕೆಲಸ. ಸಂಜೆ ಅವನ ಬೈಕು ಓಣಿಯ ತಿರುವಿಗೆ ಬಂದರೆ ಸಾಕು, ನಾನು ಮನೆಯೊಳಗೆ ಸೀನುತ್ತಿದ್ದೆ.

ಅವನು ಬಂದದ್ದೇ ಜಗಳಕ್ಕೆ ಶಿಸ್ತು ತಂದ. ನೀರಿನ ದಿನ ಮೊಬೈಲಿನಲ್ಲಿ ಅಲಾರಾಂ ಇಟ್ಟು ವಾಲ್ವಿನ ಹತ್ತಿರ ನಿಲ್ಲುವುದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ವೇಳೆ ಬರೆಯುವುದು. ನಾನು ಒದ್ದೆ ಬಟ್ಟೆಯಿಂದ ಅದನ್ನು ಒರೆಸುವುದು. ಅವನು ಭಾನುವಾರ ಖಾರದ ಗೋಣಿಚೀಲಗಳನ್ನು ಗೋಡೆಯ ಮೇಲೆ ಒಣ ಹಾಕಿದರೆ, ನಾನು ಹಿಂಡದ ಚಾದರವನ್ನು ಸರಿಯಾಗಿ ಅದರ ಮೇಲೆಯೇ ಹರವುವುದು.

"ಚಾದರ ಹಿಂಡಿ ಹಾಕ್ರಿ" ಎನ್ನುವನು.

"ನಿಮ್ಮ ಖಾರಾ ನಿಮ್ಮ ಮನ್ಯಾಗ ಇಟಗೊಳ್ರಿ" ಎನ್ನುವೆ.

ಒಬ್ಬರಿಗೊಬ್ಬರು ರೀ ಹಚ್ಚದೆ ಒಂದು ಮಾತೂ ಆಡಲಿಲ್ಲ. ಧಾರವಾಡದಲ್ಲಿ ಬೈಯುವಾಗಲೂ ಮರ್ಯಾದೆ ಬಿಡುವುದಿಲ್ಲವಲ್ಲ.

ನಾನು ರಕ್ತ ತಪಾಸಣೆಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸೂಜಿ ಚುಚ್ಚುವವಳು ನಾನೇ. ಕೈ ಹಗುರ, ಬಾಯಿ ಭಾರ ಎಂದು ಅಲ್ಲಿ ನನ್ನ ಖ್ಯಾತಿ. ಮೂವತ್ತೊಂದು ತುಂಬುವುದರೊಳಗೆ ಒಂಬತ್ತು ವರಗಳನ್ನು ತಿರುಗಿ ಕಳಿಸಿದ್ದೆ. ಜಗಳದ ಮೂರನೆಯ ವರ್ಷ, ಬರುವ ದಸರೆಯೊಳಗೆ ಯಾವುದಾದರೂ ಒಂದಕ್ಕೆ ಹೂಂ ಅನ್ನಲೇಬೇಕೆಂದು ಅವ್ವ ಗಡುವು ಹಾಕಿದ್ದಳು. ಆ ಮಳೆಗಾಲದ ಒಂದು ಬೆಳಿಗ್ಗೆ ಲ್ಯಾಬಿನ ಕುರ್ಚಿಯಲ್ಲಿ ನೋಡುತ್ತೇನೆ, ಕೆಂಡದಂಥ ಜ್ವರದಲ್ಲಿ ಬಾಜೂ ಮನೆಯವನು ಕೂತಿದ್ದಾನೆ. ನನ್ನನ್ನು ನೋಡಿ ಅವನ ಮುಖದ ಇದ್ದಬದ್ದ ಬಣ್ಣವೂ ಇಳಿಯಿತು.

"ಹಳೇ ಸಿಟ್ಟೆಲ್ಲಾ ಇಲ್ಲೇ ತೀರಿಸಿಕೋಬ್ಯಾಡ್ರಿ" ಎಂದ.

"ಮುಷ್ಟಿ ಕಟ್ರಿ" ಎಂದೆ.

ಮುಷ್ಟಿ ಕಟ್ಟಿದವನು ಕಣ್ಣು ಮುಚ್ಚಿದ, ಹಾಗೆಯೇ ಮಗ್ಗುಲಿಗೆ ವಾಲಿದ. ತಲೆಯನ್ನು ನನ್ನ ತೋಳಿನಲ್ಲಿ ಆನಿಸಿಕೊಂಡು ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ತೆರೆದು, "ಮುಗೀತೇನ್ರಿ?" ಎಂದು ಕೇಳಿದ.

"ಇನ್ನೂ ಶುರುನ ಆಗಿಲ್ರಿ."

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಮೂರು ವರ್ಷದಲ್ಲಿ ಅವನು ನಗುವುದನ್ನು ನಾನು ನೋಡಿಯೇ ಇರಲಿಲ್ಲ.

ಡೆಂಗಿ ಜ್ವರ. ಪ್ಲೇಟ್ಲೆಟ್ ಇಳಿದಿತ್ತು. ದಿನಾ ರಕ್ತ ನೋಡಬೇಕು, ಆದರೆ ಲ್ಯಾಬಿಗೆ ಬರುವ ಶಕ್ತಿ ಅವನಿಗಿಲ್ಲ. ಮನೆಗೆ ಹೋಗಿ ರಕ್ತ ತರುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲೇ ತೊಡಕು. ಆ ಮನೆಯ ಹೊಸ್ತಿಲು ತುಳಿದರೆ ಊಟ ಬಿಡುತ್ತೇನೆಂದು ಅವ್ವ. ಅವರ ಮನೆಯವರು ಒಳಗೆ ಬರುವುದು ಬೇಡವೆಂದು ಕಾಕು. ಕೊನೆಗೆ ಅವನೇ ಉಪಾಯ ಹುಡುಕಿದ. ಬೆಳಿಗ್ಗೆ ಏಳಕ್ಕೆ ಎತ್ತರದ ಸ್ಟೂಲು ಹಾಕಿಕೊಂಡು ಗೋಡೆಯ ಆಚೆ ಕೂತು, ಕೈಯನ್ನು ಗೋಡೆಯ ಮೇಲೆ ಚಾಚಿದ. ನಾನು ಈಚೆ ನಿಂತು ಸೂಜಿ ಚುಚ್ಚಿದೆ. ನಮ್ಮ ಕಿಟಕಿಯಲ್ಲಿ ಅವ್ವ, ಅವರ ಕಿಟಕಿಯಲ್ಲಿ ಕಾಕು. ಇಬ್ಬರೂ ನಮ್ಮನ್ನೇ ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಹೀಗೆ ನಾಲ್ಕು ದಿನ. ಮೂರನೆಯ ದಿನ ಅವನಿಗೆ ಹೆದರಿಕೆ ಹೋಗಿತ್ತು, ನನಗೆ ಹತ್ತಿತ್ತು. ನಾಲ್ಕನೆಯ ದಿನ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದೆ.

"ಐದು ನಿಮಿಷ ಆತ್ರಿ" ಎಂದ ಮೆಲ್ಲಗೆ.

"ಹಿಡೀಬೇಕ್ರಿ. ಪ್ಲೇಟ್ಲೆಟ್ ಕಡಿಮಿ ಅದಾವ."

"ನಿನ್ನೇನ ಏರ್‍ಯಾವ ಅಂದಿದ್ರೆಲ್ಲಾ?"

ನಾನು ಕೈ ಬಿಟ್ಟು ಒಳಗೆ ಓಡಿದೆ. ಅವತ್ತು ಅಲಾರಾಂ ಗಿಲಾರಾಂ ಇಲ್ಲದೆಯೇ ನನಗೆ ಒಂದು ವಿಷಯ ಗೊತ್ತಾಯಿತು. ಗೊತ್ತಾದದ್ದು ನನಗೊಬ್ಬಳಿಗೇ ಅಲ್ಲ, ಕಿಟಕಿಯಲ್ಲಿದ್ದ ಅವ್ವನಿಗೂ.

ಅವ್ವ ಒಂದೇ ವಾರದಲ್ಲಿ ಹತ್ತನೆಯ ವರವನ್ನು ಹುಡುಕಿ ತಂದಳು. ಹುಬ್ಬಳ್ಳಿಯ ಹುಡುಗ, ಸ್ವಂತ ಔಷಧದ ಅಂಗಡಿ, ನಾಲ್ಕು ಜನಕ್ಕೆ ಒಳ್ಳೆಯವನು. ಆದರೆ ಅವ್ವ ಮರುಳಾದದ್ದು ಅದಕ್ಕಲ್ಲ. ಹುಡುಗನ ಮನೆ ಇದ್ದ ಭಾಗಕ್ಕೆ ಇಪ್ಪತ್ನಾಲ್ಕು ತಾಸೂ ನೀರು.

"ಯಾವಾಗ ನಳಾ ತಿರುವಿದ್ರೂ ನೀರಂತ!" ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. "ನನ್ನ ಮಗಳು ದಿನಕ್ಕ ಎರಡ ಸಲ ತಲಿ ತೊಳಕೊಂಡ್ರೂ ಯಾರೂ ಕೇಳಂಗಿಲ್ಲ." ಈ ಕೊನೆಯ ಮಾತು ನನ್ನ ಎದೆಗೆ ನೆಟ್ಟಗೆ ಬಂದು ತಾಗಿತು.

ಕನ್ಯಾ ನೋಡುವ ದಿನ ಅವ್ವ ಒಂದು ತಪ್ಪು ಮಾಡಿದಳು. ನೀರು ಅವತ್ತು ಬೆಳಿಗ್ಗೆಯೇ ಬರುತ್ತದೆಂದು ನೀರು ಬಿಡುವವನು ಹೇಳಿದ್ದನ್ನು ನಂಬಿ, ಬರುವವರ ಕಣ್ಣಿಗೆ ಮನೆ ಹೊಳೆಯಲಿ ಎಂದು ಅಂಗಳದಿಂದ ಹಿತ್ತಿಲವರೆಗೆ ತೊಳೆದುಬಿಟ್ಟಳು. ಮನೆ ಹೊಳೆಯಿತು, ಟಾಕಿ ಬರಿದಾಯಿತು. ಕುಡಿಯುವ ಒಂದು ಕೊಡ ಬಿಟ್ಟರೆ ಮನೆಯಲ್ಲಿ ನೀರಿಲ್ಲ. ನೋಡಲು ಬಂದವರು ಏಳು ಜನ.

ನಾನು ರೇಷ್ಮೆ ಸೀರೆ ಉಟ್ಟು ರವೆಯ ಶಿರಾದ ತಟ್ಟೆ ಹಿಡಿದು ಬಂದೆ. ಹುಡುಗನ ತಾಯಿ ಕೇಳಿದರು, "ರೊಟ್ಟಿ ಬಡೀತಿ ಏನವಾ?"

"ಬಡೀತೇನ್ರಿ. ಸಿಟ್ಟ ಬಂದಾಗ ಇನ್ನೂ ಛಲೋ ಬಡೀತೇನಿ."

ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹುಡುಗ ಕೈ ತೊಳೆದುಕೊಳ್ಳಲು ಬಚ್ಚಲು ಎಲ್ಲಿ ಎಂದು ಕೇಳಿದ. ಅವ್ವನ ಮುಖ ಸಣ್ಣದಾಯಿತು. ಅದೇ ಹೊತ್ತಿಗೆ ಓಣಿಯ ತುದಿಯಿಂದ ಯಾರೋ ಕೂಗಿದರು, "ನೀರ ಬಂದಾವ!"

ಮೊದಲ ಪಾಳಿ ಬಾಜೂ ಮನೆಯದು. ಇನ್ನು ಅರ್ಧ ತಾಸು ನಮಗೆ ಒಂದು ಹನಿ ಇಲ್ಲ. ನಾನು ತಟ್ಟೆ ಇಟ್ಟು, ಸೆರಗು ಸಿಗಿಸಿ ಹೊರಗೆ ಬಂದೆ. ಬೇಡಿಕೊಳ್ಳಲು ಬಂದೆನೋ ಜಗಳಕ್ಕೆ ಬಂದೆನೋ ನನಗೇ ಗೊತ್ತಿರಲಿಲ್ಲ. ನೋಡಿದರೆ ವಾಲ್ವು ಎಡಕ್ಕೆ ತಿರುಗಿತ್ತು. ನಮ್ಮ ಟಾಕಿಯಲ್ಲಿ ನೀರು ಧೋ ಎಂದು ಬೀಳುತ್ತಿತ್ತು. ಗುಂಡಿಯ ಅಂಚಿನಲ್ಲಿ ಅವನು ಕೂತಿದ್ದ.

"ಇವತ್ತ ಪಾಳಿ ನಿಮ್ದಲ್ರಿ?"

"ಹೌದ್ರಿ."

"ಮತ್ತ?"

"ನಿಮ್ಮನಿಗೆ ಮಂದಿ ಬಂದಾರಲ್ರಿ. ಕೈಕಾಲ ತೊಳಕೊಳ್ಳಾಕ ನೀರ ಇಲ್ಲಂದ್ರ ಹೆಂಗ?"

"ನಿಮ್ಮ ಅವ್ವಾರು?"

"ಒಳಗ ಬಯ್ಯಾಕತ್ತಾರ. ಕೇಳಸಾಕತ್ತೇತಲ್ರಿ."

ಕೇಳಿಸುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಂಗಾರ ನಾ ಲಗೂ ಒಪ್ಪಿಗಿ ಆಗಿ ಈ ಓಣಿ ಬಿಟ್ಟು ಹೋಗ್ಲಿ ಅಂತ ನೀರ ತುಂಬಾಕತ್ತೀರೇನು?"

ಅವನು ನನ್ನನ್ನು ನೋಡಲಿಲ್ಲ, ವಾಲ್ವನ್ನೇ ನೋಡುತ್ತ ಹೇಳಿದ, "ನೀವು ಹೋಗಬಾರದು ಅಂತನ ಐತ್ರಿ ನನಗ. ಆದ್ರ ನಿಮ್ಮವ್ವಾರು ಮಂದಿ ಮುಂದ ಸಣ್ಣಾಕಿ ಆಗೂದೂ ಬ್ಯಾಡ. ಎರಡೂ ಬ್ಯಾರೆ ಬ್ಯಾರೆ ಮಾತು."

ನನಗೆ ಅವನು ಬೇಕೆನಿಸಿತು. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ? ಆ ಗುಂಡಿಯ ಅಂಚಿನಲ್ಲಿ, ಮಂಡಿಯವರೆಗೆ ಪ್ಯಾಂಟು ಮಡಚಿಕೊಂಡು ಕೂತ, ಖಾರದ ವಾಸನೆಯ ಆ ಮನುಷ್ಯ ನನಗೆ ಬೇಕಾಗಿದ್ದ, ಇಪ್ಪತ್ನಾಲ್ಕು ತಾಸಿನ ನೀರು ಬೇಕಾಗಿರಲಿಲ್ಲ.

"ನಾ ನಮ್ಮವ್ವಗ ನಿಮ್ಮನ್ನ ಕೇಳಾಕ ಹೋಗ್ರಿ ಅಂತ ಹೇಳಿ ನೋಡೇನ್ರಿ" ಎಂದ. "ಅವತ್ತ ವಾಲ್ವು ಯಾರ ತಿರುವಿದ್ರು, ಆ ಮನಿಯಿಂದ ಖರೇ ಮಾತು ಬರೋ ತನಕಾ ಗೋಡಿ ದಾಟಂಗಿಲ್ಲ ಅಂತಾರ."

ತಿರುವಿದವಳು ನಾನೇ ಎನ್ನದೆ ಒಳಗೆ ಹೋಗಿ ಹುಡುಗನಿಗೆ ಬಚ್ಚಲು ತೋರಿಸಿದೆ.

ನಡುವೆ ಎದ್ದು ಹೋದವಳನ್ನು ಅವರು ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯದು! ರೇಷ್ಮೆ ಸೀರೆಯಲ್ಲೇ ನೀರಿಗೆ ಓಡಿದ ಹುಡುಗಿ ಕೆಲಸಗಾರ್ತಿ ಎಂದು ಹುಡುಗನ ತಾಯಿ ಮೆಚ್ಚಿಬಿಟ್ಟರು. ಮೂರನೆಯ ದಿನವೇ ಒಪ್ಪಿಗೆ ಎಂದು ಫೋನು ಬಂತು. ದಸರೆಯ ದಿನ ಸಂಜೆ ಬನ್ನಿ ಮುಗಿಸಿ ನಮ್ಮ ಮಾತು ತಿಳಿಸುತ್ತೇವೆ ಎಂದು ಅವ್ವ ಹೇಳಿದಳು.

"ನಾ ಒಲ್ಲೆ" ಎಂದೆ.

"ಯಾರು ಬೇಕು, ಬಾಯಿ ಬಿಟ್ಟು ಹೇಳು."

ನಾನು ಗೋಡೆಯ ಕಡೆ ನೋಡಿದೆ. ಅವ್ವ ಕಿಟಕಿ ಮುಚ್ಚಿದಳು. ಆಮೇಲೆ, "ಅವರು ಕೇಳಾಕ ಬರಂಗಿಲ್ಲ, ನಾ ಹೇಳಾಕ ಹೋಗಂಗಿಲ್ಲ. ಆಸೆ ಬಿಡು" ಎಂದಳು. ನನ್ನ ಸಲುವಾಗಿ ಸುಳ್ಳು ಹೇಳಿ ಗೆಳತಿಯನ್ನು ಕಳೆದುಕೊಂಡವಳು ಅವಳು. ಮೂರು ವರ್ಷದಲ್ಲಿ ಒಮ್ಮೆಯೂ ಅದನ್ನು ನನ್ನ ಮುಂದೆ ಎತ್ತಿ ಆಡಿರಲಿಲ್ಲ.

ದಸರೆ ಬಂತು. ನಮ್ಮ ಕಡೆ ಅವತ್ತು ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, ಚಿಕ್ಕವರು ದೊಡ್ಡವರಿಗೆ ನಮಸ್ಕಾರ ಮಾಡುತ್ತಾರೆ. ಎಷ್ಟೇ ಹಗೆಯಿರಲಿ, ಬನ್ನಿ ಕೊಡದೆ ಬಿಡುವಂತಿಲ್ಲ, ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ. ಅವ್ವ ಮತ್ತು ಕಾಕು ಇದಕ್ಕೂ ದಾರಿ ಹುಡುಕಿದ್ದರು. ಅವ್ವ ನಾಲ್ಕು ಎಲೆಯನ್ನು ಗೋಡೆಯ ಮೇಲೆ ಇಟ್ಟು ಹಾರದಂತೆ ಒಂದು ಕಲ್ಲು ಹೇರುವುದು, ಕಾಕು ಅದನ್ನು ಒಯ್ದು ತಮ್ಮ ನಾಲ್ಕು ಎಲೆಯನ್ನು ಅದೇ ಕಲ್ಲಿನಡಿ ಇಡುವುದು. ಬಾಯಲ್ಲಿ ಒಂದು ಮಾತಿಲ್ಲ.

ಹೆಬ್ಬಳ್ಳಿ ಕಡೆಯ ಹೆಂಗಸರಿಂದ ಬೆಳಿಗ್ಗೆ ಕೊಂಡು ತಂದಿದ್ದ ಬನ್ನಿಯಲ್ಲಿ ನಾಲ್ಕು ಎಲೆಯನ್ನು ಅವ್ವ ಗೋಡೆಯ ಮೇಲೆ ಇಟ್ಟಳು. ಕಲ್ಲು ಹೇರುವುದರೊಳಗೆ ನಾನು ಅದನ್ನು ಎತ್ತಿಕೊಂಡೆ. ನಮ್ಮ ಗೇಟು ದಾಟಿ, ವಾಲ್ವಿನ ಗುಂಡಿ ದಾಟಿ, ಅವರ ಗೇಟು ತೆರೆದೆ. ಹಿಂದಿನಿಂದ ಅವ್ವ ಕರೆಯುತ್ತಿದ್ದಳು. ಸಾವಿರ ಜನರಿಗೆ ಸೂಜಿ ಚುಚ್ಚಿದ ಕೈ ನಾಲ್ಕು ಎಲೆ ಹಿಡಿಯಲಾರದೆ ಬೆವೆತಿತ್ತು.

ಕಾಕು ಪಡಸಾಲೆಯಲ್ಲಿ ಕೂತಿದ್ದರು, ಅವನು ಬಾಗಿಲಿಗೆ ಒರಗಿ ನಿಂತಿದ್ದ. ಬನ್ನಿ ಕೊಟ್ಟು ಕಾಲಿಗೆ ಬಿದ್ದೆ.

"ಬಂಗಾರ ಕೊಡಾಕ ಬಂದಿಯೋ, ನೀರ ಕೇಳಾಕ ಬಂದಿಯೋ?" ಎಂದರು ಕಾಕು.

"ನಿಮ್ಮ ಮಗನ್ನ ಕೇಳಾಕ ಬಂದೇನ್ರಿ ಕಾಕು. ಅದಕ್ಕೂ ಮದಲ ಒಂದು ಮಾತು ಹೇಳೂದೈತಿ. ಅವತ್ತ ವಾಲ್ವು ತಿರುವಿದಾಕಿ ನಾ. ತಲಿ ತೊಳಕೊಳ್ಳಾಕ. ಅವ್ವಂದು ಏನೂ ತಪ್ಪಿಲ್ರಿ."

ಬಾಗಿಲಲ್ಲಿದ್ದವನು ಬಾಯಿ ತೆರೆದು ನಿಂತ. ಕಾಕು ಮಾತ್ರ ಬನ್ನಿಯ ಎಲೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ, "ಗೊತ್ತೈತಿ" ಎಂದರು.

"ಗೊತ್ತೈತ್ರಿ?"

"ಅವತ್ತ ಹೊತ್ತು ಮುಣಗೋ ತನಕಾ ಮಾಳಗಿ ಮ್ಯಾಲ ಕೂದಲಾ ಹರವಿಕೊಂಡು ನಿಂತಿದ್ದಿ. ನನಗ ಕಣ್ಣ ಇಲ್ಲೇನು?"

"ಮತ್ತ ಮೂರು ವರ್ಷ ಸಿಟ್ಟು?"

ಕಾಕುವಿನ ದನಿ ಒಮ್ಮೆಲೇ ಒಡೆಯಿತು. "ಹತ್ತು ನಿಮಿಷದ ನೀರಿಗೆ ಯಾರ ಸಿಟ್ಟಾಗತಾರ? ಹದಿನೈದು ವರ್ಷ ನನ್ನ ರೊಟ್ಟಿ ಉಂಡಾಕಿ, ನನ್ನ ಮುಖಾ ನೋಡಿಕೋತ ಸುಳ್ಳ ಹೇಳಿದ್ಲು. ಹುಡುಗಿ ತಿರುವ್ಯಾಳ ಅಕ್ಕಾ, ಹೋಗ್ಲಿ ಬಿಡು ಅಂದಿದ್ರ ನಾ ಏನ ಮಾಡತಿದ್ದೆ?"

"ಬಯ್ಯತಿದ್ರಿ" ಎಂದು ದನಿ ಬಂತು. ಅವ್ವ ಹೊಸ್ತಿಲ ಹೊರಗೆ ನಿಂತಿದ್ದಳು. ಕೈಯಲ್ಲಿ ಟ್ರಂಕಿನ ಹಸಿರು ಸೀರೆ. ನನ್ನ ಹಿಂದೆ ಓಡಿ ಬರುವಾಗ ಬರಿಗೈಯಲ್ಲಿ ಬರಲು ಮನಸ್ಸಾಗದೆ ಅದನ್ನು ಎಳೆದು ತಂದಿದ್ದಳಂತೆ. "ಮನಿತುಂಬ ನೆಂಟರು ಇದ್ರು. ಅಷ್ಟ ಮಂದಿ ಮುಂದ ನನ್ನ ಮಗಳ್ನ ಬಯ್ಯತಿದ್ರಿ ಅಕ್ಕಾರ. ಅಪ್ಪ ಇಲ್ಲದ ಹುಡುಗಿ. ನನಗ ತಡಕೊಳ್ಳಾಕ ಆಗ್ತಿದ್ದಿಲ್ಲ. ಅದಕ್ಕ ಸುಳ್ಳ ಹೇಳಿದೆ. ಅವತ್ತಿಂದ ನನ್ನ ಗಂಟಲಾಗ ತುತ್ತು ಸರಿಯಾಗಿ ಇಳದಿಲ್ಲ."

ಕಾಕು ಸೀರೆಯನ್ನು ನೋಡಿದರು. "ಮೊಮ್ಮಗಳು ಅಂಗನವಾಡಿಗೆ ಹೋಗಾಕತ್ತಾಳ, ಈಗ ಕುಬಸದ ಸೀರಿ ತಂದಿ?" ಎನ್ನುತ್ತ ಎದ್ದು ಹೋಗಿ ಅವ್ವನ ಕೈ ಹಿಡಿದು ಒಳಗೆ ಎಳೆದುಕೊಂಡರು. ಇಬ್ಬರೂ ಅತ್ತರು. ನಾನು ಗೋಡೆ ನೋಡಿದೆ, ಅವನು ನೆಲ ನೋಡಿದ.

ಆಮೇಲೆ ಕಾಕು ಕಣ್ಣೊರೆಸಿಕೊಂಡು ನನ್ನ ಕಡೆ ಬೆರಳು ತೋರಿಸಿದರು. "ಹಂಗಾರ ಈಕೀನ್ನ ನನಗ ಕೊಟ್ಟಬಿಡು ತಂಗಿ. ಈಕೀ ಸಲುವಾಗಿ ನಾನೂ ಸುಳ್ಳ ಹೇಳತೇನಿ."

ಹುಬ್ಬಳ್ಳಿಯವರಿಗೆ ಅವ್ವ ಅಂದೇ ಸಂಜೆ ಫೋನು ಮಾಡಿ ಕ್ಷಮೆ ಕೇಳಿದಳು. ಇಟ್ಟ ಮೇಲೆ, "ಇಪ್ಪತ್ನಾಲ್ಕು ತಾಸು ನೀರು..." ಎಂದು ಒಂದು ನಿಟ್ಟುಸಿರು ಬಿಟ್ಟಳು, ಅಷ್ಟೇ. ನಮ್ಮ ಮದುವೆಯ ದಿನವನ್ನು ಪಂಚಾಂಗ ನೋಡಿ ಒಬ್ಬರು ಹೇಳಿದರು, ಅದನ್ನು ನೀರು ಬಿಡುವವನ ಹತ್ತಿರ ಇನ್ನೊಮ್ಮೆ ಕೇಳಿ ಪಕ್ಕಾ ಮಾಡಿಕೊಂಡೆವು.

ಈಗ ನಾನು ಗೋಡೆಯ ಆಚೆ ಇದ್ದೇನೆ. ಖಾರದ ವಾಸನೆಗೆ ಸೀನುವುದು ನಿಂತಿದೆ. ಗಂಡ ಇನ್ನೂ ರೀ ಎಂದೇ ಕರೆಯುತ್ತಾನೆ, ಸಿಟ್ಟು ಬಂದಾಗ ಮಾತ್ರ ನೀ ಎನ್ನುತ್ತಾನೆ. ಕೂದಲು ಇನ್ನೂ ಸೊಂಟದವರೆಗೆ ಇದೆ.

ಹೋದ ತಿಂಗಳು ಒಂದು ಭಾನುವಾರ ನೀರು ಬಂದಿತ್ತು. ಮೊದಲ ಪಾಳಿ ಅವ್ವನದು. ನಾನು ಬೆಳಿಗ್ಗೆಯೇ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಸದ್ದಾಗದಂತೆ ಹೋಗಿ ಹತ್ತು ನಿಮಿಷ ಮೊದಲೇ ವಾಲ್ವನ್ನು ಬಲಕ್ಕೆ ತಿರುವಿ ಬಂದೆ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಅವ್ವನ ದನಿ ಕೇಳಿಸಿತು, "ಅಕ್ಕಾರ, ವಾಲ್ವು ಯಾರ ತಿರುವಿದ್ರು?"

ನನ್ನ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತ ನನ್ನನ್ನೂ ನನ್ನ ಒದ್ದೆ ಕೂದಲನ್ನೂ ಒಮ್ಮೆ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು, "ನಾವು ಮುಟ್ಟೇ ಇಲ್ಲ ತಂಗಿ."